ಹಾಲಿನೊಳಗೇ ಇದ್ದ ಸಾಕ್ಷಿ

ಕಾಯಿಸಿದರೆ ಹಾಲಿನ ಸತ್ವ ಹೋಗುತ್ತದೆ, ಹಸಿ ಹಾಲೇ ಅಮೃತ ಎನ್ನುವ ಮಾತು ಈಗ ಮತ್ತೆ ಚಲಾವಣೆಗೆ ಬಂದಿದೆ. ಕೇಳಿದಾಗಲೆಲ್ಲ ಕಳವಳವಾಗುತ್ತದೆ. ಇದೇ ಮಾತನ್ನು ನಂಬಿ ಬ್ರಿಟನ್ ತೆತ್ತ ಬೆಲೆ ಸಣ್ಣದಲ್ಲ. 1930ರ ದಶಕದಲ್ಲಿ ಅಲ್ಲಿನ ಕರೆಯುವ ಹಸುಗಳಲ್ಲಿ ನೂರಕ್ಕೆ ಸುಮಾರು 40ಕ್ಕೆ ಕ್ಷಯದ ಸೋಂಕಿತ್ತು. ಹಸುವಿನ ಕ್ಷಯ ತಗುಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದರು, ಅವರಲ್ಲಿ ಮಕ್ಕಳೇ ಬಹಳ. ಕುತ್ತಿಗೆಯ ಗಂಟುಗಳು ಊದಿ ಕೀವಾಗುತ್ತಿದ್ದವು, ಬೆನ್ನು ಗೂನಾಗುತ್ತಿತ್ತು.

ಕ್ಷಯದ ರೋಗಾಣುವನ್ನು ಕಂಡುಹಿಡಿದ ರಾಬರ್ಟ್ ಕಾಖ್ ಅವರೇ 1901ರಲ್ಲಿ ಲಂಡನ್ನಿನಲ್ಲಿ ನಿಂತು, ದನದ ಕ್ಷಯದಿಂದ ಮನುಷ್ಯರಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ ಎಂದಿದ್ದರು. ಅಷ್ಟು ದೊಡ್ಡವರ ಮಾತನ್ನೂ ಹಾಗೇ ಒಪ್ಪದೆ ಬ್ರಿಟನ್ ಅದೇ ವರ್ಷ ಒಂದು ಆಯೋಗ ನೇಮಿಸಿತು. ಹತ್ತು ವರ್ಷ ಪರೀಕ್ಷೆ ನಡೆಸಿದ ಆಯೋಗ 1911ರಲ್ಲಿ ಸ್ಪಷ್ಟವಾಗಿ ಹೇಳಿತು: ಅಪಾಯ ಇದೆ, ಅದು ಮುಖ್ಯವಾಗಿ ಹಾಲಿನಿಂದ ಬರುತ್ತದೆ. ಕಾಖ್ ಬಗ್ಗೆ ನನಗಿರುವ ಗೌರವ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ವಿಜ್ಞಾನದಲ್ಲಿ ಹೆಸರಿಗಿಂತ ಪುರಾವೆ ದೊಡ್ಡದು.

ಈ ಅಪಾಯವನ್ನು ಬೀದಿ ಮಟ್ಟದಲ್ಲಿ ತಡೆಯಬೇಕಾದವರು ಯಾರು? ಇಂಗ್ಲೆಂಡಿನ ಸಣ್ಣ ಪಟ್ಟಣಗಳಲ್ಲಿ 1894ರ ಕಾನೂನಿನಿಂದ ಅರ್ಬನ್ ಡಿಸ್ಟ್ರಿಕ್ಟ್ ಕೌನ್ಸಿಲ್ ಎಂಬ ಸ್ಥಳೀಯ ಆಡಳಿತ ಮಂಡಳಿಗಳು ಹುಟ್ಟಿದ್ದವು. ಒಬ್ಬ ವೈದ್ಯಾಧಿಕಾರಿ, ಅವರ ಜೊತೆ ಸ್ಯಾನಿಟರಿ ಇನ್ಸ್‌ಪೆಕ್ಟರ್. ಚರಂಡಿ, ಇಲಿ, ಕಿಕ್ಕಿರಿದ ಮನೆ, ಅಂಗಡಿಯ ಮಾಂಸ ಎಲ್ಲವೂ ಅವರ ಪಾಲಿಗೆ. ಕಸಾಯಿಖಾನೆಯಲ್ಲಿ ಇನ್ಸ್‌ಪೆಕ್ಟರ್ ಚಾಕು ಹಿಡಿದು ದನದ ದವಡೆ ಕೆಳಗಿನ ಗ್ರಂಥಿಗಳನ್ನು, ಶ್ವಾಸಕೋಶದ ಗ್ರಂಥಿಗಳನ್ನು ಸೀಳಿ ನೋಡುತ್ತಿದ್ದರು. ಒಳಗೆ ಗಟ್ಟಿಯಾದ ಹಳದಿ ಕೀವು ಕಂಡರೆ ಆ ಭಾಗ, ಕೆಲವೊಮ್ಮೆ ಇಡೀ ದನವೇ, ತಿನ್ನಲು ಅನರ್ಹ.

ಹಾಲನ್ನು ಹಾಗೆ ಸೀಳಿ ನೋಡಲಾಗದು. ಕ್ಷಯದ ರೋಗಾಣು ಬೆಳೆಯುವುದು ಬಲು ನಿಧಾನ. ಹಾಲಿನ ಮಾದರಿಯನ್ನು ಗಿನಿಯಿಲಿಗೆ ಚುಚ್ಚಿ ರೋಗ ಬರುತ್ತದೆಯೇ ಎಂದು ವಾರಗಟ್ಟಲೆ ಕಾಯಬೇಕಿತ್ತು. ಅಷ್ಟರಲ್ಲಿ ಆ ಹಾಲು ಎಂದೋ ಯಾರದೋ ಹೊಟ್ಟೆ ಸೇರಿರುತ್ತಿತ್ತು. ಪಾಶ್ಚರೀಕರಿಸಿದ್ದೇವೆ, ಅಂದರೆ ರೋಗಾಣು ಸಾಯುವಷ್ಟು ಹೊತ್ತು ಹಾಲನ್ನು ಬಿಸಿಯಲ್ಲಿ ಇಟ್ಟಿದ್ದೇವೆ, ಎಂದು ಡೇರಿಯವರು ಹೇಳಿದರೆ ನಂಬುವುದಲ್ಲದೆ ಬೇರೆ ದಾರಿ ಇರಲಿಲ್ಲ.

ದಾರಿ ತೋರಿಸಿದ್ದು ಹಾಲಿನಲ್ಲೇ ಇರುವ ಫಾಸ್ಫಟೇಸ್ ಎಂಬ ಕಿಣ್ವ. ಹಸಿ ಹಾಲಿನಲ್ಲಿ ಅದು ಯಾವಾಗಲೂ ಇರುತ್ತದೆ. ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಟ್ಟರೆ ಕ್ಷಯದ ರೋಗಾಣು ಸಾಯುತ್ತದೆ. ಫಾಸ್ಫಟೇಸ್ ಅದಕ್ಕಿಂತ ತುಸು ಮೊಂಡು; ಆ ಅರ್ಧ ಗಂಟೆ ಪೂರ್ತಿ ಕಳೆದರಷ್ಟೇ ಅದು ಕೆಡುತ್ತದೆ. ಕಿಣ್ವ ಕೆಟ್ಟಿದೆ ಎಂದಾದರೆ ರೋಗಾಣು ಅದಕ್ಕೂ ಮೊದಲೇ ಸತ್ತಿದೆ ಎಂದರ್ಥ. ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡುತ್ತೇವಲ್ಲ, ಹಾಗೆ. ಕೇ ಮತ್ತು ಗ್ರಹಾಂ ಎಂಬ ವಿಜ್ಞಾನಿಗಳು 1933ರಲ್ಲಿ ಇದನ್ನು ತೋರಿಸಿದರು. 1949ರಲ್ಲಿ ಆಶಾಫನ್‌ಬರ್ಗ್ ಮತ್ತು ಮ್ಯೂಲನ್ ಪರೀಕ್ಷೆಯನ್ನು ಇನ್ನೂ ಸುಲಭ ಮಾಡಿದರು: ಬಣ್ಣವಿಲ್ಲದ ಒಂದು ರಾಸಾಯನಿಕದ ದ್ರಾವಣಕ್ಕೆ ಹಾಲು ಬೆರೆಸಿ 37 ಡಿಗ್ರಿಯಲ್ಲಿ ಎರಡು ಗಂಟೆ ಇಡುವುದು. ಕಿಣ್ವ ಉಳಿದಿದ್ದರೆ ಆ ರಾಸಾಯನಿಕವನ್ನು ಒಡೆಯುತ್ತದೆ, ಕೊಳವೆ ಹಳದಿಯಾಗುತ್ತದೆ. ಸಾವಿರ ಪಾಲಿಗೆ ಎರಡು ಪಾಲು ಹಸಿ ಹಾಲು ಬೆರೆತಿದ್ದರೂ ಸಾಕು, ಸಿಕ್ಕಿಬೀಳುತ್ತದೆ.

ನನಗೆ ಬಹಳ ಹಿಡಿಸುವುದು ಇದರ ಇನ್ನೊಂದು ಗುಣ. ಈ ಪರೀಕ್ಷೆ ಮೋಸವನ್ನಷ್ಟೇ ಅಲ್ಲ, ಯಂತ್ರದ ದೋಷವನ್ನೂ ಹಿಡಿಯುತ್ತದೆ. ಸೋರುವ ವಾಲ್ವ್, ಪೈಪಿನ ಮೂಲೆಯಲ್ಲಿ ಬಿಸಿ ತಾಗದೆ ನಿಂತ ಹಾಲು, ತೊಟ್ಟಿಯ ಮೇಲೆ ತಣ್ಣಗೇ ಉಳಿದ ನೊರೆ, ಹೊತ್ತಾಯಿತೆಂದು ಐದು ನಿಮಿಷ ಮೊದಲೇ ಹಾಲು ಹೊರಬಿಟ್ಟ ಕೆಲಸಗಾರ, ಎಲ್ಲವೂ ಆ ಹಳದಿಯಲ್ಲಿ ಬಯಲಾಗುತ್ತಿದ್ದವು. ಇನ್ಸ್‌ಪೆಕ್ಟರ್ ಮಾದರಿ ತೆಗೆದ ಮರುದಿನವೇ ಡೇರಿಯ ಬಾಗಿಲು ತಟ್ಟಬಹುದಿತ್ತು.

ಹಿಂಡುಗಳಿಂದಲೂ ರೋಗಪೀಡಿತ ಹಸುಗಳನ್ನು ತೆಗೆಯುತ್ತ ಬಂದು, 1960ರ ಅಕ್ಟೋಬರ್‌ನಲ್ಲಿ ಇಡೀ ಬ್ರಿಟನ್ನಿನ ಹಿಂಡುಗಳು ಕ್ಷಯ ತಪಾಸಣೆಯಲ್ಲಿ ಪಾಸಾದವೆಂದು ಸಾರಲಾಯಿತು. ಸತ್ವದ ಮಾತೆತ್ತುವವರಿಗೆ ಒಂದು ಉತ್ತರ: ಪಾಶ್ಚರೀಕರಣದಲ್ಲಿ ಸ್ವಲ್ಪ ಸಿ ಮತ್ತು ಬಿ1 ಜೀವಸತ್ವ ನಷ್ಟವಾಗುತ್ತದೆ ನಿಜ, ಪ್ರೋಟೀನು, ಕ್ಯಾಲ್ಸಿಯಂ ಹಾಗೇ ಉಳಿಯುತ್ತವೆ. ನಮ್ಮ ಅಜ್ಜಿಯಂದಿರು ಒಲೆಯ ಮೇಲೆ ಹಾಲನ್ನು ಉಕ್ಕಿಸದೆ ಮಕ್ಕಳಿಗೆ ಕೊಡುತ್ತಿರಲಿಲ್ಲ. ಭಾರತದ ಆಹಾರ ಸುರಕ್ಷತಾ ನಿಯಮಗಳೂ ಪಾಶ್ಚರೀಕರಿಸಿದ ಹಾಲಿಗೆ ಇದೇ ಫಾಸ್ಫಟೇಸ್ ಪರೀಕ್ಷೆಯನ್ನು ಕೇಳುತ್ತವೆ.

ಒಂದನ್ನು ಮಾತ್ರ ಈ ಪರೀಕ್ಷೆ ಹೇಳಲಾರದು. ಬಿಸಿಯಾದ ಮೇಲೆ ಹಾಲನ್ನು ಕೊಳಕು ಬಾಟಲಿಗೆ ತುಂಬಿದರೆ ಫಾಸ್ಫಟೇಸ್‌ಗೆ ಅದು ಗೊತ್ತಾಗುವುದಿಲ್ಲ. ಅದಕ್ಕೇ ಇನ್ಸ್‌ಪೆಕ್ಟರುಗಳು ತೊಳೆದಿಟ್ಟ ಖಾಲಿ ಬಾಟಲಿಗಳನ್ನೂ ಬೇರೆಯಾಗಿ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು.