ಲ್ಯಾಟಿನ್ ಸಂಗೀತ ಅಂದರೆ ಯಾರ ಸಂಗೀತ?

'ಡೆಸ್ಪಾಸಿಟೊ' ಎಂಬ ಪಾಪ್ ಹಾಡು ಬಂದು ಇಷ್ಟು ವರ್ಷವಾದರೂ ಅದನ್ನು "ಲ್ಯಾಟಿನ್ ಭಾಷೆಯ ಹಾಡು" ಎಂದು ಬರೆಯುವವರು ನಿಂತಿಲ್ಲ. ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಇನ್ನೊಂದು ಕಡೆ ಅದೇ ಹಾಡು "ಲ್ಯಾಟಿನ್ ತಾಳದಲ್ಲಿದೆ" ಎಂಬ ವಿವರಣೆ. ಮತ್ತೊಂದು ಪಟ್ಟಿಯಲ್ಲಿ ರೊಸಾಲಿಯಾ "ಲ್ಯಾಟಿನ್ ಅಮೆರಿಕದ ಗಾಯಕಿ". ಮೂರೂ ತಪ್ಪು. ಅದರಲ್ಲೂ ಒಂದೊಂದು ಒಂದೊಂದು ಬಗೆಯ ತಪ್ಪು. ಹಾಗಾಗಿ ಈ ಪದವನ್ನು ಸ್ವಲ್ಪ ಬಿಡಿಸಿಯೇ ನೋಡೋಣ.

ಹಾಡಿನ ವ್ಯಾಪಾರದಲ್ಲಿ ಇರುವವರು 'ಲ್ಯಾಟಿನ್ ಮ್ಯೂಸಿಕ್' ಎನ್ನುವುದು ಸ್ಪ್ಯಾನಿಷ್ ಅಥವಾ ಪೋರ್ಚುಗೀಸ್ ಭಾಷೆಯ ಜನಪ್ರಿಯ ಸಂಗೀತಕ್ಕೆ. ಹಾಡಿದವರು ಮೆಕ್ಸಿಕೊದವರಿರಲಿ, ಮ್ಯಾಡ್ರಿಡ್‌ನವರಿರಲಿ, ಲಿಸ್ಬನ್‌ನವರಿರಲಿ, ಮಯಾಮಿಯಲ್ಲೇ ಹುಟ್ಟಿ ಬೆಳೆದವರಿರಲಿ, ನೋಡುವುದು ಭಾಷೆಯನ್ನು. ಲ್ಯಾಟಿನ್ ಗ್ರ್ಯಾಮಿ ಎಂಬ ಸಂಗೀತ ಪ್ರಶಸ್ತಿಯ ನಿಯಮವೂ ಹೀಗೇ ಇದೆ. ಸಾಹಿತ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಭಾಷೆಗಳಲ್ಲಿರಬೇಕು. ಆ ಪ್ರದೇಶಗಳ ಮೂಲನಿವಾಸಿಗಳ ಭಾಷೆಗಳಿಗೂ ಅಲ್ಲಿ ಜಾಗವಿದೆ. ಇಷ್ಟು ಸರಳ ಇದ್ದಮೇಲೆ ಗೊಂದಲ ಎಲ್ಲಿಂದ ಬಂತು? ಹೆಸರಿನಿಂದಲೇ ಬಂತು.

ರೋಮ್ ಊರಿನ ಸುತ್ತಲಿನ ಬಯಲು ಸೀಮೆಗೆ ಹಿಂದೆ ಲ್ಯಾಟಿಯಮ್ ಎಂಬ ಹೆಸರಿತ್ತು. ಈಗಲೂ ಇಟಲಿಯಲ್ಲಿ ಆ ಪ್ರಾಂತ್ಯವನ್ನು ಲಾತ್ಸಿಯೊ ಎನ್ನುತ್ತಾರೆ. ಅಲ್ಲಿನ ಜನ ಲ್ಯಾಟಿನರು, ಅವರ ಮಾತು ಲ್ಯಾಟಿನ್. ರೋಮ್ ಬೆಳೆದ ಹಾಗೆ ಮಾತೂ ಹರಡಿತು. ಸೈನಿಕರು, ವ್ಯಾಪಾರಿಗಳು ಆಡುತ್ತಿದ್ದ ಲ್ಯಾಟಿನ್ ಒಂದೊಂದು ಕಡೆ ಒಂದೊಂದು ರೀತಿ ಬದಲಾಗಿ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್, ಕೆಟಲಾನ್, ರೊಮೇನಿಯನ್ ಆಯಿತು. ನಮ್ಮ 'ಮೇಜು' ಮತ್ತು 'ಚಾವಿ' ಪೋರ್ಚುಗೀಸರಿಂದ ಬಂದವು. ಅವರ 'ಮೆಸಾ' ಮತ್ತು 'ಶಾವ್' ಲ್ಯಾಟಿನ್ನಿನ 'ಮೆನ್ಸಾ' ಮತ್ತು 'ಕ್ಲಾವಿಸ್'ನಿಂದ ಬಂದವು. ಸ್ಪ್ಯಾನಿಷ್‌ನಲ್ಲಿ ಮೇಜಿಗೆ 'ಮೆಸಾ' ಎಂದೇ ಉಳಿಯಿತು, ಬೀಗದ ಕೈ ಮಾತ್ರ 'ಯಾವೆ' ಆಯಿತು. ಒಂದೇ ತಾಯಿಯ ಮಕ್ಕಳು ಎಷ್ಟು ಹತ್ತಿರ, ಎಷ್ಟು ದೂರ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ತಾಯಿ ಭಾಷೆಯನ್ನು ಇವತ್ತು ಮನೆಯಲ್ಲಿ ಆಡುವವರಿಲ್ಲ. ಅದು ಚರ್ಚಿನ ಪ್ರಾರ್ಥನೆಯಲ್ಲಿ, ಗಿಡಗಳ ವೈಜ್ಞಾನಿಕ ಹೆಸರಿನಲ್ಲಿ ಉಳಿದಿದೆ. ಡೆಸ್ಪಾಸಿಟೊದ ಗಾಯಕ ಲೂಯಿಸ್ ಫೊನ್ಸಿ ಹಾಡಿದ್ದು ಸ್ಪ್ಯಾನಿಷ್‌ನಲ್ಲಿ.

ಹಾಗಾದರೆ 'ಲ್ಯಾಟಿನ್' ಎಂಬ ಗುರುತು ಅಟ್ಲಾಂಟಿಕ್ ದಾಟಿದ್ದು ಯಾವಾಗ? ಕೊಲಂಬಸ್ ಕಾಲದಲ್ಲಿ ಅಲ್ಲ. ಸ್ಪೇನ್ ಆಳುವಾಗ ಆ ನೆಲಕ್ಕೆ 'ಲ್ಯಾಟಿನ್ ಅಮೆರಿಕ' ಎಂಬ ಹೆಸರೇ ಇರಲಿಲ್ಲ. 1830ರ ದಶಕದಲ್ಲಿ ಮಿಶೆಲ್ ಶೆವಾಲಿಯೆ ಎಂಬ ಫ್ರೆಂಚ್ ಬರಹಗಾರ ಯುರೋಪಿನಲ್ಲಿ ಲ್ಯಾಟಿನ್ ಜನಾಂಗ, ಜರ್ಮನಿಕ್ ಜನಾಂಗ ಎಂಬ ಭೇದವಿದೆ, ಅದೇ ಭೇದ ಅಮೆರಿಕಗಳಿಗೂ ಹೋಗಿದೆ ಎಂದು ವಾದಿಸಿದ್ದ. 1856ರಲ್ಲಿ ಪ್ಯಾರಿಸ್‌ನಲ್ಲಿದ್ದ ಇಬ್ಬರು ದಕ್ಷಿಣ ಅಮೆರಿಕನ್ನರು ಈ ಮಾತನ್ನು ತಮ್ಮದಾಗಿಸಿಕೊಂಡರು. ಒಬ್ಬ ಚಿಲಿಯ ಫ್ರಾನ್ಸಿಸ್ಕೊ ಬಿಲ್ಬಾವೊ, ಭಾಷಣದಲ್ಲಿ ಬಳಸಿದ. ಇನ್ನೊಬ್ಬ ಕೊಲಂಬಿಯಾದ ಹೊಸೆ ಮರಿಯಾ ಟೊರೆಸ್ ಕೈಸೆಡೊ, ಕವಿತೆಯಲ್ಲಿ ಬಳಸಿದ. ಆಗ ವಿಲಿಯಂ ವಾಕರ್ ಎಂಬ ಅಮೆರಿಕದ ಸಾಹಸಿ ಒಂದು ಗುಂಪು ಕಟ್ಟಿಕೊಂಡು ಹೋಗಿ ನಿಕರಾಗುವಾದಲ್ಲಿ ಅಧಿಕಾರ ಹಿಡಿದಿದ್ದ. ಉತ್ತರದವರು ನಮ್ಮನ್ನು ನುಂಗುತ್ತಾರೆ, ನಾವು ಒಂದಾಗಬೇಕು ಎಂಬ ಭಯ ಮತ್ತು ಆಸೆ ಆ ಹೆಸರಿನ ಹಿಂದಿತ್ತು. ಮುಂದೆ 1860ರ ದಶಕದಲ್ಲಿ ಮೂರನೇ ನೆಪೋಲಿಯನ್ ಮೆಕ್ಸಿಕೊಗೆ ಸೈನ್ಯ ಕಳಿಸಿದಾಗ ಫ್ರೆಂಚರಿಗೂ ಇದು ಅನುಕೂಲದ ಪದವಾಯಿತು. 'ನಾವೂ ಲ್ಯಾಟಿನ್, ನೀವೂ ಲ್ಯಾಟಿನ್' ಎನ್ನಬಹುದಿತ್ತಲ್ಲ! ಒಂದೇ ಪದ ಒಬ್ಬರಿಗೆ ಆಕ್ರಮಣ ತಡೆಯುವ ಮಾತು, ಇನ್ನೊಬ್ಬರಿಗೆ ಆಕ್ರಮಣಕ್ಕೆ ನೆಪ.

ಆ ಮೂಲದ ಪ್ರಕಾರ ಹೋದರೆ ಫ್ರೆಂಚ್ ಪ್ರಭಾವದ ಹೈತಿ ಕೂಡ ಲ್ಯಾಟಿನ್ ಅಮೆರಿಕ. ಆದರೆ ಹೈತಿಯ ಕೊಂಪಾ ಸಂಗೀತವನ್ನು ಲ್ಯಾಟಿನ್ ಮ್ಯೂಸಿಕ್ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಟಾಲಿಯನ್ ಹಾಡು ಲ್ಯಾಟಿನ್ನಿಗೆ ಎಷ್ಟು ಹತ್ತಿರವಿದ್ದರೂ ಸೇರುವುದಿಲ್ಲ. ಆದರೆ ಇಟಲಿಯ ಲಾರಾ ಪೌಸಿನಿ ಸ್ಪ್ಯಾನಿಷ್‌ನಲ್ಲೂ ಹಾಡುತ್ತಾ ಬಂದವರು. 2023ರಲ್ಲಿ ಲ್ಯಾಟಿನ್ ಗ್ರ್ಯಾಮಿ ಕೊಡುವ ಲ್ಯಾಟಿನ್ ರೆಕಾರ್ಡಿಂಗ್ ಅಕಾಡೆಮಿ ವರ್ಷದ ವ್ಯಕ್ತಿ ಎಂದು ಗೌರವಿಸಿದ್ದು ಅವರನ್ನೇ. ಭಾಷೆಯೇ ಗಡಿ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಾ?

ಎಲ್ಲರೂ ಎಡವುವ ಜಾಗ ಇದರ ಮುಂದಿದೆ. ಮೂರು ಪದಗಳನ್ನು ಒಂದೇ ಎಂದುಕೊಳ್ಳುತ್ತೇವೆ: ಹಿಸ್ಪ್ಯಾನಿಕ್, ಲ್ಯಾಟಿನೊ, ಲ್ಯಾಟಿನ್ ಮ್ಯೂಸಿಕ್. ಹಿಸ್ಪ್ಯಾನಿಕ್ ಎಂದರೆ ಸ್ಪ್ಯಾನಿಷ್ ನಂಟಿನವರು. ಸ್ಪೇನ್ ಒಳಗೆ, ಬ್ರೆಜಿಲ್ ಹೊರಗೆ. ಲ್ಯಾಟಿನೊ ಎಂದರೆ ಲ್ಯಾಟಿನ್ ಅಮೆರಿಕದ ಮೂಲದವರು. ಮಾತಿನ ಬಳಕೆಯಲ್ಲಿ ಬ್ರೆಜಿಲ್ ಒಳಗೆ, ಸ್ಪೇನ್ ಹೊರಗೆ. ಅಮೆರಿಕದ ಜನಗಣತಿ ಫಾರಂನಲ್ಲಿ ಈ ಪದ ಬಂದದ್ದೇ 2000ದಲ್ಲಿ. ಲ್ಯಾಟಿನ್ ಮ್ಯೂಸಿಕ್‌ಗೆ ಬಂದರೆ ಸ್ಪೇನೂ ಒಳಗೆ, ಬ್ರೆಜಿಲ್ಲೂ ಒಳಗೆ, ಪೋರ್ಚುಗಲ್ಲೂ ಒಳಗೆ. ರೊಸಾಲಿಯಾ ವಿಷಯದಲ್ಲಿ ಜಗಳ ಹುಟ್ಟುವುದು ಇಲ್ಲೇ. ಆಕೆ ಬಾರ್ಸಿಲೋನಾ ಹತ್ತಿರದ ಊರಿನವರು, ಕಲಿತದ್ದು ಸ್ಪೇನಿನ ಸಾಂಪ್ರದಾಯಿಕ ಶೈಲಿ ಫ್ಲಮೆಂಕೊ. ಲ್ಯಾಟಿನೊ ಅಲ್ಲ, ಸರಿ. ಆದರೆ ಅವರ ಸ್ಪ್ಯಾನಿಷ್ ಹಾಡುಗಳು ಲ್ಯಾಟಿನ್ ಮ್ಯೂಸಿಕ್ ಅಲ್ಲ ಎಂದರೆ ತಪ್ಪಾಗುತ್ತದೆ. 2019ರಲ್ಲಿ ಲ್ಯಾಟಿನ್ ಗ್ರ್ಯಾಮಿಯ ವರ್ಷದ ಆಲ್ಬಂ ಅವರದ್ದೇ. ಜನಪ್ರಿಯ ಹಾಡುಗಳ ಪಟ್ಟಿ ಮಾಡುವ ಅಮೆರಿಕದ ಪತ್ರಿಕೆ ಬಿಲ್‌ಬೋರ್ಡ್ 1986ರಲ್ಲಿ ಲ್ಯಾಟಿನ್ ಹಾಡುಗಳ ಪಟ್ಟಿ ಶುರುಮಾಡಿದಾಗ ಮೊದಲ ಸ್ಥಾನದಲ್ಲಿದ್ದವರೂ ಸ್ಪೇನಿನವರೇ: ಮ್ಯಾಡ್ರಿಡ್‌ನ ರೋಸಿಯೊ ಡುರ್ಕಲ್. ಹಾಡು ಮೆಕ್ಸಿಕೊದ ಹುವಾನ್ ಗೇಬ್ರಿಯಲ್ ಬರೆದದ್ದು. ಯಾರು ಯಾವ ದೇಶ ಎಂಬ ಪ್ರಶ್ನೆ ಈ ಪದಕ್ಕೆ ಮೊದಲ ದಿನದಿಂದಲೂ ಮುಖ್ಯವಾಗಿರಲಿಲ್ಲ.

ಅಳತೆಗೆ ಒಂದು ವರ್ಷ ತೆಗೆದುಕೊಳ್ಳೋಣ: 2017. ಈ ಪದದ ಎಲ್ಲ ಮೂಲೆಗಳೂ ಆ ಒಂದು ವರ್ಷದಲ್ಲಿ ಕಾಣುತ್ತವೆ.

ಜನವರಿಯಲ್ಲಿ ಡೆಸ್ಪಾಸಿಟೊ ಬಂತು. ಬರೆದವರು ಪೋರ್ಟೊ ರಿಕೊದ ಫೊನ್ಸಿ ಮತ್ತು ಡ್ಯಾಡಿ ಯಾಂಕೀ, ಜೊತೆಗೆ ಪನಾಮಾದ ಎರಿಕಾ ಎಂಡರ್. ವಿಡಿಯೊ ಚಿತ್ರೀಕರಣ ಆದದ್ದು ಸ್ಯಾನ್ ಹುವಾನ್‌ನ ಕೋಟೆ ಗೋಡೆಗೂ ಸಮುದ್ರಕ್ಕೂ ನಡುವೆ ಇರುವ ಲಾ ಪೆರ್ಲಾ ಎಂಬ ಬಡವರ ಕೇರಿಯಲ್ಲಿ. ಹಾಡು ಶುರುವಾಗುವಾಗ ಕೇಳುವ ತಂತಿ ವಾದ್ಯವನ್ನು ಬಹಳ ಜನ ಗಿಟಾರ್ ಅಂದುಕೊಂಡಿದ್ದಾರೆ. ಅದು ಕ್ವಾತ್ರೊ, ಪೋರ್ಟೊ ರಿಕೊದ ಹಳ್ಳಿಗಾಡಿನ ವಾದ್ಯ. ಹೆಸರಿನ ಅರ್ಥ 'ನಾಲ್ಕು', ಇರುವುದು ಹತ್ತು ತಂತಿ, ಎರಡೆರಡರಂತೆ ಐದು ಜೊತೆ. ಜೋಡಿ ತಂತಿಗಳಿಂದಲೇ ಆ ಮಿಣುಗುವ ನಾದ ಬರುವುದು. ಏಪ್ರಿಲ್‌ನಲ್ಲಿ ಜಸ್ಟಿನ್ ಬೀಬರ್ ಸೇರಿದ ರೂಪ ಬಂತು. ಅದು ಬಿಲ್‌ಬೋರ್ಡ್‌ನ ಮುಖ್ಯ ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿ ನಿಂತು, ಆಗಿದ್ದ ದಾಖಲೆಯನ್ನು ಸರಿಗಟ್ಟಿತು. ಬಹುಪಾಲು ಸ್ಪ್ಯಾನಿಷ್ ಇರುವ ಹಾಡು ಅಲ್ಲಿ ತುದಿ ಮುಟ್ಟಿದ್ದು 1996ರ 'ಮಕರೆನಾ' ಆದಮೇಲೆ ಇದೇ ಮೊದಲು. ಅಂದಹಾಗೆ ಮಕರೆನಾದ ಲಾಸ್ ಡೆಲ್ ರಿಯೊ ಜೋಡಿ ಸ್ಪೇನಿನ ಸೆವಿಲ್ ಪಕ್ಕದ ಊರಿನವರು. ಅವರನ್ನೂ ಮೆಕ್ಸಿಕೊದವರು ಎಂದು ಬರೆದದ್ದನ್ನು ಓದಿದ್ದೇನೆ.

ಮೇ ತಿಂಗಳಲ್ಲಿ ಇದಕ್ಕೆ ಪೂರ್ತಿ ಬೇರೆಯೇ ಆದ ಗೆಲುವು. ಕೀವ್‌ನಲ್ಲಿ ನಡೆದ, ಯುರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆ ಯೂರೋವಿಷನ್‌ನಲ್ಲಿ ಪೋರ್ಚುಗಲ್‌ನ ಸಾಲ್ವದೋರ್ ಸೊಬ್ರಾಲ್ 758 ಅಂಕ ಪಡೆದು ಗೆದ್ದರು. 1964ರಲ್ಲಿ ಮೊದಲು ಸ್ಪರ್ಧಿಸಿದ್ದ ಪೋರ್ಚುಗಲ್‌ಗೆ ಅದು ಮೊದಲ ಗೆಲುವು. ಹಾಡು ಅಕ್ಕ ಲುಯೀಸಾ ಬರೆದದ್ದು, ಪೂರ್ತಿ ಪೋರ್ಚುಗೀಸ್. ಕುಣಿಯುವವರಿಲ್ಲ, ಬೆಳಕಿನ ಆಟವಿಲ್ಲ. ಮೂರೆಣಿಕೆಯ ವಾಲ್ಟ್ಜ್ ನಡೆ, ಹಿಂದೆ ಪಿಯಾನೊ ಮತ್ತು ಪಿಟೀಲುಗಳು, ಪಿಸುಮಾತಿನ ಹಾಗೆ ಹಾಡುವ ಒಬ್ಬ ಹುಡುಗ. ವ್ಯಾಖ್ಯೆಯ ಪ್ರಕಾರ ಇದೂ ಲ್ಯಾಟಿನ್ ಮ್ಯೂಸಿಕ್. ಡೆಸ್ಪಾಸಿಟೊ ಪಕ್ಕದಲ್ಲಿ ಇದನ್ನಿಟ್ಟು ಕೇಳಿ. ಎರಡಕ್ಕೂ ಸಾಮಾನ್ಯವಾದ 'ಲ್ಯಾಟಿನ್ ತಾಳ' ಎಲ್ಲಿದೆ, ಹೇಳಿ ನೋಡೋಣ.

ಈ ತಾಳದ ಮಾತು ಸುಮ್ನೆ ಹುಟ್ಟಿದ್ದಲ್ಲ ಎನ್ನುವುದನ್ನು ಒಪ್ಪಬೇಕು. ಅಮೆರಿಕದ ಡ್ಯಾನ್ಸ್ ಹಾಲ್‌ಗಳಿಗೆ ಮೊದಲು ಟ್ಯಾಂಗೊ, 1930ರ ಸುಮಾರಿಗೆ ರುಂಬಾ, 1950ರ ದಶಕದಲ್ಲಿ ಮ್ಯಾಂಬೊ ಬಂದವು. ಕುಣಿಯುವವರಿಗೆ ಹಾಡಿನ ಮಾತು ಬೇಕಿರಲಿಲ್ಲ, ಹೆಜ್ಜೆ ಬೇಕಿತ್ತು. ಜಾಜ್ ವಾದಕರೂ ಕ್ಯೂಬಾದ ಲಯ ಬೆರೆಸಿದರೆ ಅದನ್ನು 'ಲ್ಯಾಟಿನ್' ಎನ್ನುತ್ತಿದ್ದರು. ಅಲ್ಲಿಂದ ಉಳಿದ ಅಭ್ಯಾಸ ಇದು. ಆದರೆ ಡೆಸ್ಪಾಸಿಟೊದ ಲಯಕ್ಕೆ ಅದರದ್ದೇ ಹೆಸರಿದೆ: ಡೆಂಬೊ. ಮೇಲೆ ಬೀಳುವ ಪೆಟ್ಟನ್ನು ನಮ್ಮ ಕೊನ್ನಕೋಲಿನಲ್ಲಿ ಹೇಳಿಕೊಳ್ಳಬಹುದು: ತಕಿಟ ತಕಿಟ ತಕ. ಮೂರು, ಮೂರು, ಎರಡು, ಒಟ್ಟು ಎಂಟು. ಕೆಳಗೆ ಡ್ರಮ್ ಸಮನಾಗಿ ನಾಲ್ಕು ಪೆಟ್ಟು ಹಾಕುತ್ತಿರುತ್ತದೆ. ಈ ಡೆಂಬೊ ಬಂದದ್ದು ಇಂಗ್ಲಿಷ್ ಆಡುವ ಜಮೈಕಾದ 'ಡ್ಯಾನ್ಸ್‌ಹಾಲ್' ಎಂಬ ಸಂಗೀತ ಶೈಲಿಯಿಂದ. ಪನಾಮಾದವರು ಅದಕ್ಕೆ ಸ್ಪ್ಯಾನಿಷ್ ಮಾತು ಸೇರಿಸಿದರು, ಪೋರ್ಟೊ ರಿಕೊದ ಹುಡುಗರು 1990ರ ದಶಕದಲ್ಲಿ ಅದನ್ನು ರೆಗೆಟಾನ್ ಮಾಡಿದರು. ಇನ್ನು ಮೆಕ್ಸಿಕೊದ ಉತ್ತರದ ನೊರ್ಟೆನ್ಯೊ ಕೇಳಿದರೆ ಅಕಾರ್ಡಿಯನ್ನಿನಲ್ಲಿ ಪೋಲ್ಕಾ ಲಯ. ಆ ಗಡಿ ಸೀಮೆಗೆ ವಲಸೆ ಬಂದ ಜರ್ಮನ್ನರು, ಚೆಕ್ಕರು ತಂದದ್ದು ಅದು. ಜಮೈಕಾ, ಜರ್ಮನಿ ಎರಡನ್ನೂ ಸೇರಿಸಿ 'ಲ್ಯಾಟಿನ್ ತಾಳ' ಎಂದುಬಿಟ್ಟರೆ, ದಕ್ಷಿಣದವರನ್ನೆಲ್ಲ ಮದ್ರಾಸಿ ಅಂದ ಹಾಗೆ ಆಗುತ್ತದೆ. ನಮಗೆ ಅದು ಹೇಗನ್ನಿಸುತ್ತದೆ ಗೊತ್ತಲ್ವಾ?

2017ರ ಉಳಿದ ಭಾಗ ಬೇಗ ಹೇಳುತ್ತೇನೆ. ಕೊಲಂಬಿಯಾದ ಜೆ ಬಾಲ್ವಿನ್ ಮತ್ತು ಫ್ರಾನ್ಸಿನ ವಿಲ್ಲಿ ವಿಲಿಯಂ ಸೇರಿ 'ಮಿ ಹೆಂತೆ' ಎಂಬ ಹಾಡು ತಂದರು. ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಪೋರ್ಟೊ ರಿಕೊಗೆ ಅಪ್ಪಳಿಸಿತು. ಅದೇ ತಿಂಗಳ ಕೊನೆಗೆ ಅಮೆರಿಕದ ಗಾಯಕಿ ಬಿಯಾನ್ಸೆ ಸೇರಿದ ಮಿ ಹೆಂತೆ ಬಂತು, ಅದರಲ್ಲಿ ತಮಗೆ ಬರುವ ಹಣವನ್ನು ಬಿಯಾನ್ಸೆ ಸಂತ್ರಸ್ತರ ನೆರವಿಗೆ ಕೊಟ್ಟರು. ನವೆಂಬರ್‌ನಲ್ಲಿ ಲಾಸ್ ವೇಗಾಸ್‌ನ ಲ್ಯಾಟಿನ್ ಗ್ರ್ಯಾಮಿಯಲ್ಲಿ ಡೆಸ್ಪಾಸಿಟೊಗೆ ನಾಲ್ಕು ಪ್ರಶಸ್ತಿ. ವರ್ಷದ ಆಲ್ಬಂ ಮಾತ್ರ ಪನಾಮಾದ ಹಿರಿಯ ರುಬೆನ್ ಬ್ಲೇಡ್ಸ್ ಅವರ ಸಾಲ್ಸಾಕ್ಕೆ ಹೋಯಿತು. ತಕ್ಕ ತೀರ್ಮಾನ ಎಂದೇ ನನಗನ್ನಿಸುತ್ತದೆ.

ಆದರೆ ಬ್ರೆಜಿಲ್? ಇಪ್ಪತ್ತು ಕೋಟಿಗೂ ಜಾಸ್ತಿ ಜನರ ದೇಶ. ಸಾಂಬಾ, ಬೋಸಾ ನೋವಾ, ಸೆರ್ತನೇಜು, ಫಂಕ್ ಎಲ್ಲ ಅವರವು. ಹೆಸರಿಗೆ ಲ್ಯಾಟಿನ್ ಮ್ಯೂಸಿಕ್ಕಿನಲ್ಲಿ ಸಮಪಾಲು. ವ್ಯವಹಾರದಲ್ಲಿ ಹಾಗಿಲ್ಲ. ಲ್ಯಾಟಿನ್ ಗ್ರ್ಯಾಮಿಯಲ್ಲಿ ಪೋರ್ಚುಗೀಸ್ ಹಾಡುಗಳಿಗೆ ಬೇರೆಯದೇ ವಿಭಾಗ. ಅಮೆರಿಕದ ಪಟ್ಟಿಗಳಲ್ಲಿ ಸ್ಪ್ಯಾನಿಷ್‌ನದೇ ರಾಜ್ಯ. ಬ್ರೆಜಿಲ್‌ನವರೂ 'ಮ್ಯೂಸಿಕಾ ಲಾತೀನಾ' ಎಂದರೆ ಸಾಮಾನ್ಯವಾಗಿ ನೆರೆಯವರ ಸ್ಪ್ಯಾನಿಷ್ ಹಾಡು ಎಂದೇ ತಿಳಿಯುತ್ತಾರೆ, ತಮ್ಮ ಸಾಂಬಾವನ್ನು ಸಾಂಬಾ ಎನ್ನುತ್ತಾರೆ. ಬ್ರೆಜಿಲ್‌ನ ಗಾಯಕಿ ಅನಿಟ್ಟಾ ಅವರ 2017 ನೋಡಿ. ಹೊರಗಿನ ಮಾರುಕಟ್ಟೆ ಹಿಡಿಯಲು ಆ ವರ್ಷ ಸ್ಪ್ಯಾನಿಷ್‌ನಲ್ಲಿ 'ಪರಾದಿನ್ಯಾ' ಹಾಡಿದರು. ಆಮೇಲೆ ಬಾಲ್ವಿನ್ ಜೊತೆ ಇನ್ನೊಂದು. ಡಿಸೆಂಬರ್‌ನಲ್ಲಿ ರಿಯೊದ ವಿಡಿಗಲ್ ಗುಡ್ಡದ ಕೇರಿಯಲ್ಲಿ ಚಿತ್ರೀಕರಿಸಿದ 'ವಾಯ್ ಮಲಾಂಡ್ರಾ'ದಲ್ಲಿ ತಮ್ಮ ಪೋರ್ಚುಗೀಸ್‌ಗೆ, ತಮ್ಮ ಫಂಕ್‌ಗೆ ಮರಳಿದರು. ಅದೇ ವರ್ಷದ ಎಂಸಿ ಫಿಯೊಚಿ ಅವರ 'ಬುಂ ಬುಂ ಟಾಂ ಟಾಂ' ಕೂಡ ಸಾವೊ ಪಾವ್ಲೊದ ಫಂಕ್. ಅದರಲ್ಲಿ ಸುತ್ತಿ ಸುತ್ತಿ ಬರುವ ಕೊಳಲಿನ ತುಣುಕು ಬಾಖ್ ಬರೆದ ಒಂಟಿ ಕೊಳಲಿನ ಕೃತಿಯದು. ಈ ಹಾಡಿಗೆ 'ಬ್ರೆಜಿಲ್ ಫಂಕ್' ಎಂಬ ಹೆಸರಿದೆ. ಅದನ್ನು ಬಿಟ್ಟು 'ಲ್ಯಾಟಿನ್ ಬೀಟ್' ಎಂದು ಬರೆದರೆ ಓದುವವರಿಗೆ ಏನೂ ಹೇಳಿದಂತಾಗುವುದಿಲ್ಲ.

ಆದ್ದರಿಂದ ಬರೆಯುವಾಗ ಹೀಗೆ ಮಾಡಬಹುದು. ಒಂದು ಹಾಡಿನ ಬಗ್ಗೆ ಹೇಳುತ್ತಿದ್ದರೆ ಅದರ ಊರು ಮತ್ತು ಬಗೆ ಬರೆಯಿರಿ: ಪೋರ್ಟೊ ರಿಕೊದ ರೆಗೆಟಾನ್ ಪಾಪ್, ಡೊಮಿನಿಕನ್ ಬಚಾಟಾ, ಕೊಲಂಬಿಯಾದ ವಯೆನಾಟೊ, ಪೋರ್ಚುಗಲ್‌ನ ಫಾಡೊ. ಭಾಷೆ ಹೇಳಬೇಕಿದ್ದರೆ ಸ್ಪ್ಯಾನಿಷ್ ಅಥವಾ ಪೋರ್ಚುಗೀಸ್ ಎನ್ನಿ. 'ಲ್ಯಾಟಿನ್ ಮ್ಯೂಸಿಕ್' ಎಂಬುದನ್ನು ಪ್ರಶಸ್ತಿ, ಪಟ್ಟಿ, ಮಾರುಕಟ್ಟೆಯ ಮಾತು ಬಂದಾಗ ಬಳಸಿ. ಆಗ ಬ್ರೆಜಿಲ್ ಮತ್ತು ಪೋರ್ಚುಗಲ್ ಕೂಡ ಅದರಲ್ಲಿವೆ ಎಂಬುದನ್ನು ಮರೆಯಬೇಡಿ. 2017ರ ಲ್ಯಾಟಿನ್ ಸಂಗೀತದ ಪಟ್ಟಿ ಮಾಡಿ ಸೊಬ್ರಾಲ್, ಅನಿಟ್ಟಾ ಇಬ್ಬರನ್ನೂ ಬಿಟ್ಟಿದ್ದರೆ, ಅದಕ್ಕೆ 'ಸ್ಪ್ಯಾನಿಷ್ ಹಾಡುಗಳು' ಎಂದೇ ತಲೆಬರಹ ಕೊಡಿ.