ಬಯಲಲ್ಲಿ ಮಲಗುವವರಿಗೆ ಆಕಾಶದ ಲೆಕ್ಕ

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ಬೀದರ್‌ಗೆ ಸೈಕಲ್ ಮೇಲೆ ಹೋಗುವುದು ನನಗೆ ತುಂಬ ಇಷ್ಟ. ನೂರು ಚಿಲ್ಲರೆ ಕಿಲೋಮೀಟರ್. ನಡುವೆ ಒಂದು ರಾತ್ರಿ ಯಾರದಾದರೂ ಹೊಲದಲ್ಲಿ ಮಲಗುವುದು. ಹಗಲು ಬಿಸಿಲು ಚುರುಕಾಗೇ ಇರುತ್ತದೆ. ರಾತ್ರಿ ಬೀದರ್ ಕಡೆ ಪಾದರಸ 10 ಡಿಗ್ರಿಗಿಂತ ಕೆಳಗೆ ಇಳಿಯುವುದೂ ಉಂಟು. ಪಂಚರ್ ಸಾಮಾನು, ಪಂಪು, ಲೈಟು ಎಲ್ಲರೂ ಒಯ್ಯುತ್ತಾರೆ. ಚಳಿಗೆ ಏನು ಕಟ್ಟಿಕೊಳ್ಳಬೇಕು ಅನ್ನುವಲ್ಲೇ ಬಹಳ ಜನ ತಪ್ಪುತ್ತಾರೆ.

ಮೊದಲ ಸಲ ನಾನೂ ಗೆಳೆಯನೂ ತಲಾ ಎರಡು ದಪ್ಪ ಕೌದಿ ಒಯ್ದಿದ್ದೆವು. ಎರಡನ್ನೂ ಹೊದ್ದುಕೊಂಡು, ಕೆಳಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸಿ ಎರೆ ಹೊಲದಲ್ಲಿ ಮಲಗಿದೆವು. ನಡುರಾತ್ರಿ ಬೆನ್ನು ಮರಗಟ್ಟಿತು. ಹೊಲ ಕಾಯಲು ಬಂದಿದ್ದ ಕಾಕಾ ನೋಡಿ, "ಏ ತಮ್ಮಾ, ಮ್ಯಾಲಿಂದು ಆಮ್ಯಾಗ, ಮೊದ್ಲ ಕೆಳಗ ಹಾಸ್ಕೋರಿ" ಎಂದು ಬಣವಿಯಿಂದ ಎರಡು ಹೊರೆ ಕಣಕಿ (ಒಣ ಜೋಳದ ದಂಟು) ಎಳೆದು ಹಾಕಿದರು. ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿತು.

ಒಣಗಿದ ಜೋಳದ ದಂಟನ್ನು ಮುರಿದು ನೋಡಿ. ಒಳಗೆ ಬೆಂಡು. ಬೆಂಡಿನ ತುಂಬ ಗಾಳಿ. ಕದಲದೆ ನಿಂತ ಗಾಳಿ ಶಾಖವನ್ನು ಸುಲಭಕ್ಕೆ ದಾಟಿಸುವುದಿಲ್ಲ. ಕೌದಿ ಬೆಚ್ಚಗಿರುವುದೂ ಅದರ ಪದರಗಳಲ್ಲಿ ಸಿಕ್ಕಿಬಿದ್ದ ಗಾಳಿಯಿಂದಲೇ. ಅದನ್ನೇ ಕೆಳಗೆ ಹಾಸಿದರೆ ಮೈಭಾರಕ್ಕೆ ಒತ್ತಿಹೋಗಿ ಗಾಳಿಯೆಲ್ಲ ಹೊರಗೆ ಹೋಗುತ್ತದೆ. ಆದ್ದರಿಂದ ಕ್ಯಾರಿಯರ್‌ಗೆ ಮೊದಲು ಕಟ್ಟಬೇಕಾದ್ದು ಒತ್ತಿದರೂ ಚಪ್ಪಟೆಯಾಗದ ಫೋಮ್ ಹಾಸು. ತೂಕ ಅರ್ಧ ಕಿಲೋನೂ ಇರುವುದಿಲ್ಲ.

ಇನ್ನು ಮೇಲಿನ ಚಳಿ. ನಮ್ಮ ಕಡೆ ಬೆಳದಿಂಗಳೇ ತಂಪು, ಅದು ಮೈಗೆ ಬಿದ್ದರೆ ನೆಗಡಿ ಎಂದು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಾರೆ. ನಾವು ನಡುಗಿದ್ದು ಅಮಾವಾಸ್ಯೆ ರಾತ್ರಿ! ಚಂದ್ರನೇ ಇರಲಿಲ್ಲ. ಇದ್ದದ್ದು ಒಂದು ಚೂರೂ ಮೋಡವಿಲ್ಲದ ಆಕಾಶ. ಬೆಳದಿಂಗಳು ಚೆನ್ನಾಗಿ ಬೀಳುವುದೂ ಅಂಥ ರಾತ್ರಿಯೇ ಅಲ್ವಾ? ಹಾಗಾಗಿ ಅಪವಾದ ಚಂದ್ರನ ಮೇಲೆ ಬಂದಿದೆ.

ನೆಲ, ಸೈಕಲ್, ನಮ್ಮ ಮೈ, ಎಲ್ಲವೂ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಾಗಿ ಶಾಖವನ್ನು ಹೊರಕ್ಕೆ ಬಿಡುತ್ತಲೇ ಇರುತ್ತವೆ. ಇದು ಮದುವೆಯ ಮುಯ್ಯಿ ಇದ್ದ ಹಾಗೆ. ನೀವು ಗೋಡೆಗೆ ಕೊಡುತ್ತೀರಿ, ಗೋಡೆ ನಿಮಗೆ ತಿರುಗಿ ಕೊಡುತ್ತದೆ. ಮೋಡವೂ ತಕ್ಕಮಟ್ಟಿಗೆ ತಿರುಗಿಸುತ್ತದೆ. ಒಣ ಚಳಿಗಾಲದ ತಿಳಿ ಆಕಾಶ ಮಾತ್ರ ತೆಗೆದುಕೊಂಡಷ್ಟು ಕೊಡುವುದಿಲ್ಲ. ಕೆರೆಯ ತೂಬು ತೆರೆದೇ ಇದೆ, ಒಳಗೆ ಬರುವ ಹಳ್ಳ ಸಣ್ಣದಾಗಿದೆ ಅಂದುಕೊಳ್ಳಿ. ಕೆರೆ ಇಳಿಯದೆ ಏನು ಮಾಡೀತು? ಹೀಗೆ ಹುಲ್ಲಿನ ಗರಿ, ಸೈಕಲ್ ಸೀಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಗಾಳಿಯಲ್ಲಿನ ತೇವ ಅಲ್ಲಿ ಹನಿಗಟ್ಟುತ್ತದೆ. ಅದೇ ಇಬ್ಬನಿ.

ಇದನ್ನು ಬಿಡಿಸಿ ಹೇಳಿದವರು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್, 1814ರಲ್ಲಿ. ಉಣ್ಣೆಯ ಸಣ್ಣ ಉಂಡೆಗಳನ್ನು ತೂಗಿ ರಾತ್ರಿಯಿಡೀ ಹೊರಗಿಟ್ಟು, ಬೆಳಿಗ್ಗೆ ಮತ್ತೆ ತೂಗುತ್ತಿದ್ದರು. ಹಲಗೆಯ ಮೇಲಿಟ್ಟದ್ದು ಜಾಸ್ತಿ ನೀರು ಕುಡಿದಿರುತ್ತಿತ್ತು, ಹಲಗೆಯ ಕೆಳಬದಿಗೆ ಕಟ್ಟಿದ್ದು ಕಡಿಮೆ. ನನಗೆ ಹೆಚ್ಚು ಹಿಡಿಸಿದ್ದು ಅವರ ಕರವಸ್ತ್ರದ ಪ್ರಯೋಗ. ನಾಲ್ಕು ಕಡ್ಡಿ ನೆಟ್ಟು ಹುಲ್ಲಿನ ಮೇಲೆ ತೆಳು ಕರವಸ್ತ್ರ ಚಾಚಿ ಕಟ್ಟಿದರು. ಅಷ್ಟಕ್ಕೇ ಕೆಳಗಿನ ಹುಲ್ಲು ಬಯಲಿನ ಹುಲ್ಲಿಗಿಂತ ಬೆಚ್ಚಗೆ ಉಳಿಯಿತು. ಬಂಗಾಳದ ಕಡೆ ಮಂಜುಗಡ್ಡೆ ಮಾಡುತ್ತಿದ್ದವರಿಗೆ ಇದೇ ವಿದ್ಯೆ ಉಲ್ಟಾ ಗೊತ್ತಿತ್ತು. ನೆಲದ ಶಾಖ ತಾಗದಂತೆ ಹುಲ್ಲು ಹಾಸಿ, ಅದರ ಮೇಲೆ ಅಗಲ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ತಿಳಿ ಆಕಾಶಕ್ಕೆ ತೆರೆದಿಡುತ್ತಿದ್ದರು. ಸುತ್ತಲಿನ ಗಾಳಿ ಸೊನ್ನೆ ಡಿಗ್ರಿಗೆ ಇಳಿಯದಿದ್ದರೂ ನೀರು ಗಡ್ಡೆ ಕಟ್ಟುತ್ತಿತ್ತು. ನಾವು ಕೆಳಗೂ ಮೇಲೂ ಎರಡೂ ದಾರಿ ಮುಚ್ಚಬೇಕು. ಟೆಂಟ್ ಇಲ್ಲದಿದ್ದರೆ ಒಂದು ತಾಡಪತ್ರಿ ಸಾಕು, ಅದೂ ಭಾರ ಅನ್ನಿಸಿದರೆ ಬೇವಿನ ಮರದ ನೆರಳು. ಮರುದಿನ ಬೆಳಿಗ್ಗೆ ಬೇವಿನ ಕೆಳಗಿದ್ದ ನನ್ನ ಸೈಕಲ್ ಸೀಟು ಒಣಗಿತ್ತು. ಬಯಲಲ್ಲಿ ನಿಲ್ಲಿಸಿದ್ದ ಗೆಳೆಯನ ಸೀಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಬಟ್ಟೆ ಜಾಸ್ತಿ ಬೇಡ. ಮಲಗಲು ಒಂದು ಒಣ ಜೊತೆ, ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯೇ ಇರಲಿ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ವೇಗವಾಗಿ ಶಾಖ ದಾಟಿಸುತ್ತದೆ. ಬೆವರಿದ ಬನಿಯನ್ ಮೇಲೆಯೇ ಕೌದಿ ಹೊದೆಯಬೇಡಿ. ಉಣ್ಣೆ ಕಂಬಳಿ ಸ್ವಲ್ಪ ತೇವ ಹೀರಿದರೂ ಬೆಚ್ಚಗಿರುತ್ತದೆ. ಬೆಳಗಿನ ಇಳಿಜಾರಿಗೆ ಅಂಗಿಯೊಳಗೆ ಎದೆಗೆ ಒಂದು ದಿನಪತ್ರಿಕೆ ಇಟ್ಟುಕೊಳ್ಳಿ. ಯುರೋಪಿನ ರೇಸ್ ಸವಾರರೂ ಹೀಗೇ ಮಾಡುತ್ತಿದ್ದರು.

ಟೆಂಟಿನೊಳಗೆ ಕೆಂಡ, ಸ್ಟೌ ಇಡಲೇಬೇಡಿ. ಅವು ಉರಿಯುವಾಗ ಹೊರಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಅದರ ಬದಲು ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲ ತೊಡಿಸಿ ಹೊದಿಕೆಯೊಳಗೆ ಇಟ್ಟುಕೊಳ್ಳಿ. 80 ಡಿಗ್ರಿಯ ಒಂದು ಲೀಟರ್ ನೀರು 30ಕ್ಕೆ ಇಳಿಯುವಷ್ಟರಲ್ಲಿ, ಮಲಗಿದ ಮೈ ಹೆಚ್ಚು ಕಡಿಮೆ ಮುಕ್ಕಾಲು ಗಂಟೆ ಹುಟ್ಟಿಸುವಷ್ಟು ಶಾಖ ಬಿಟ್ಟಿರುತ್ತದೆ. ಬೆಳಿಗ್ಗೆ ಅದೇ ನೀರಿಗೆ ಚಹಾಪುಡಿ ಹಾಕಬಹುದು.