ಲುಕ್ಲಾದಲ್ಲಿ ಸಿಕ್ಕಿಕೊಂಡಾಗ ಮೊದಲು ಮಾಡಬೇಕಾದ ಫೋನ್

ಎವರೆಸ್ಟ್ ಬೇಸ್ ಕ್ಯಾಂಪ್ ಟ್ರೆಕ್ ಮುಗಿಸಿ, ವಿಮಾನ ಹತ್ತಲು ನೇಪಾಳದ ಪುಟ್ಟ ಬೆಟ್ಟದೂರು ಲುಕ್ಲಾಕ್ಕೆ ಇಳಿದವರು ಫೋನ್ ಮಾಡಿ, "ಮೋಡ ಬಿಟ್ಟಿಲ್ಲ, ಕಠ್ಮಂಡುವಿಗೆ ವಿಮಾನ ಇಲ್ಲ, ಅಲ್ಲಿಂದ ಮುಂದಿನ ಫ್ಲೈಟ್ ತಪ್ಪುತ್ತೆ" ಎನ್ನುತ್ತಾರೆ. ಟಿಕೆಟ್ ಮಾಡಿಸುವ ಕೆಲಸದಲ್ಲಿರುವ ನಾನು ಮೊದಲು ಕೇಳುವುದು ಒಂದೇ: ಆ ಫ್ಲೈಟ್ ಹೊರಟುಹೋಗಿದೆಯಾ, ಇನ್ನೂ ಹೊರಡಬೇಕಾ?

ಹೊರಡುವ ಮೊದಲೇ ಏರ್‌ಲೈನ್‌ಗೆ ತಿಳಿಸಿದರೆ ಅದು ದಿನಾಂಕ ಬದಲಾವಣೆ. ಸಾಮಾನ್ಯವಾಗಿ ಬದಲಾವಣೆ ಶುಲ್ಕ ಮತ್ತು ದರದ ವ್ಯತ್ಯಾಸ ಕಟ್ಟಿದರೆ ಮುಗಿಯಿತು. ತಿಳಿಸದೆ ಸುಮ್ನೆ ಇದ್ದರೆ ಅದು 'ನೋ ಶೋ'. ಆಗ ದಂಡ ಜಾಸ್ತಿ, ಕಡಿಮೆ ದರದ ಟಿಕೆಟ್ ಆದರೆ ಪೂರ್ತಿ ಹಣವೇ ಹೋಗಬಹುದು. ಇನ್ನೊಂದು ಪೆಟ್ಟು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಕಠ್ಮಂಡು–ದೋಹಾ–ಫ್ರಾಂಕ್‌ಫರ್ಟ್ ಒಂದೇ ಟಿಕೆಟ್ ಎಂದಿಟ್ಟುಕೊಳ್ಳಿ. ಮೊದಲ ಹಂತ ತಪ್ಪಿದರೆ ಮುಂದಿನದೂ ತಾನಾಗಿ ರದ್ದಾಗುತ್ತದೆ. ಬೇರೆ ವಿಮಾನದಲ್ಲಿ ದೋಹಾ ತಲುಪಿ ಅಲ್ಲಿಂದ ಹತ್ತುತ್ತೇನೆ ಎಂದರೆ ಅಲ್ಲಿ ನಿಮ್ಮ ಸೀಟೇ ಇರುವುದಿಲ್ಲ. ಹಾಗಾಗಿ ಲುಕ್ಲಾದಲ್ಲಿ ಇವತ್ತಿನ ವಿಮಾನ ಅನುಮಾನ ಎನಿಸಿದ ಕೂಡಲೇ ಫೋನ್ ಮಾಡಿ. ಸಂಜೆಯವರೆಗೆ ಆಕಾಶ ನೋಡುತ್ತಾ ಕೂರಬೇಡಿ.

ಲುಕ್ಲಾ ವಿಮಾನ ನಿಲ್ದಾಣದ ಸ್ವಭಾವವೇ ಹಾಗೆ. ಸುಮಾರು 2,845 ಮೀಟರ್ ಎತ್ತರದಲ್ಲಿ, 527 ಮೀಟರ್ ಉದ್ದದ ಇಳಿಜಾರು ರನ್‌ವೇ. ಒಂದು ತುದಿಯಲ್ಲಿ ಬೆಟ್ಟ, ಇನ್ನೊಂದು ತುದಿಯಲ್ಲಿ ಕಣಿವೆ. ಪೈಲಟ್ ಕಣ್ಣಿಗೆ ದಾರಿ ಕಂಡರೆ ಮಾತ್ರ ಹಾರಾಟ. ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುವುದರಿಂದ ಬಹುಪಾಲು ವಿಮಾನಗಳು ಬೆಳಿಗ್ಗೆಯೇ. ಬೆಳಿಗ್ಗೆ ಕೈತಪ್ಪಿದರೆ ಆ ದಿನವೇ ಹೋದಂತೆ. 2011ರ ನವೆಂಬರ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಟ್ರೆಕ್ಕರ್‌ಗಳು ಇಲ್ಲಿ ದಿನಗಟ್ಟಲೆ ಸಿಕ್ಕಿಕೊಂಡಿದ್ದರು. ಮರುದಿನ ಮೋಡ ಬಿಟ್ಟರೂ ಆ ದಿನದ ಟಿಕೆಟ್ ಇದ್ದವರಿಗೇ ಸಾಮಾನ್ಯವಾಗಿ ಮೊದಲ ಸೀಟು. ನಿನ್ನೆಯವರು ಖಾಲಿ ಸೀಟಿಗೋ ಹೆಚ್ಚುವರಿ ವಿಮಾನಕ್ಕೋ ಕಾಯಬೇಕು. ಜನ ಜಾಸ್ತಿ ಇರುವ ತಿಂಗಳುಗಳಲ್ಲಿ ಲುಕ್ಲಾದಿಂದ ಹೊರಟ ವಿಮಾನ ಇಳಿಯುವುದು ಹೆಚ್ಚಾಗಿ ಕಠ್ಮಂಡುವಿನಲ್ಲಲ್ಲ, ರಾಮೇಛಾಪ್‌ನಲ್ಲಿ. ಅಲ್ಲಿಂದ ಕಠ್ಮಂಡುವಿಗೆ ರಸ್ತೆಯಲ್ಲಿ ಇನ್ನೂ ನಾಲ್ಕೈದು ಗಂಟೆ. ಲೆಕ್ಕ ಹಾಕುವಾಗ ಇದನ್ನು ಮರೆಯುವವರೇ ಹೆಚ್ಚು.

ಲುಕ್ಲಾ ವಿಮಾನ ಒಂದು ಟಿಕೆಟ್, ಮುಂದಿನದು ಬೇರೆ ಟಿಕೆಟ್. ಎರಡಕ್ಕೂ ಸಂಬಂಧವಿಲ್ಲ. ದೋಹಾದಲ್ಲಿ ಒಂದೇ ಟಿಕೆಟ್‌ನ ಕನೆಕ್ಷನ್ ತಪ್ಪಿದರೆ ಏರ್‌ಲೈನ್‌ನವರೇ ಮುಂದಿನ ವಿಮಾನಕ್ಕೆ ಹಾಕುತ್ತಾರೆ. ಇಲ್ಲಿ ಅವರಿಗೆ ಆ ಹೊಣೆ ಇಲ್ಲ. ಕೌಂಟರ್‌ನಲ್ಲಿ ಜಗಳ ಮಾಡಿ ಪ್ರಯೋಜನವಿಲ್ಲ, ಸಮಾಧಾನವಾಗಿ ಕೇಳಿಕೊಂಡರೆ ಕೆಲವೊಮ್ಮೆ ದಾರಿ ಸಿಗುತ್ತದೆ.

ನಷ್ಟ ತುಂಬಿಸಿಕೊಳ್ಳಲು ಉಳಿಯುವುದು ಪ್ರಯಾಣ ವಿಮೆ. ವಿಮಾನ ರದ್ದಾಯಿತೆಂದು ಲುಕ್ಲಾ ವಿಮಾನದ ಕಂಪನಿಯಿಂದ ಪತ್ರ ಬರೆಸಿಕೊಳ್ಳಿ, ಲುಕ್ಲಾ ಬಿಡುವ ಮೊದಲೇ. ಹೋಟೆಲ್ ಬಿಲ್, ಹೊಸ ಟಿಕೆಟ್ ರಸೀದಿ ಎಲ್ಲ ಇಟ್ಟುಕೊಳ್ಳಿ. ಹೆಲಿಕಾಪ್ಟರ್ ಹತ್ತಿದರೆ ಆ ಖರ್ಚು ಹೆಚ್ಚಾಗಿ ನಿಮ್ಮದೇ. ಕಾಯಿಲೆ ಎಂದು ಬರೆಸಿ ವಿಮೆಗೆ ಹಾಕೋಣ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಅದು ವಂಚನೆ. ಇಂಥ ಸುಳ್ಳು ರಕ್ಷಣಾ ಹಾರಾಟಗಳ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಿತ್ತು.

ಹೊಸ ಟಿಕೆಟ್ ತೆಗೆದುಕೊಳ್ಳುವಾಗ ಬರೀ ದರ ನೋಡಬೇಡಿ. ಬೇರೆ ದೇಶದ ಮೂಲಕ ಹೋಗುವುದಾದರೆ ಟ್ರಾನ್ಸಿಟ್ ವೀಸಾ ಬೇಕಾ ಎಂದು ಕೇಳಿ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ, ಆದರೆ ಬೇರೆ ದೇಶದ ಪಾಸ್‌ಪೋರ್ಟ್ ಇರುವವರು ತಮ್ಮ 15 ಅಥವಾ 30 ದಿನದ ವೀಸಾ ಎಂದು ಮುಗಿಯುತ್ತದೆ ಎಂದು ನೋಡಿಕೊಳ್ಳಬೇಕು.

ಪ್ಲಾನ್ ಮಾಡುವಾಗಲೇ ಕೊನೆಗೆ ಕನಿಷ್ಠ ಎರಡು ದಿನ ಖಾಲಿ ಬಿಡಿ, ಮೂರಾದರೆ ಇನ್ನೂ ಒಳ್ಳೆಯದು. ದೂರದ ಟಿಕೆಟ್ ಸ್ವಲ್ಪ ದುಬಾರಿಯಾದರೂ ದಿನಾಂಕ ಬದಲಿಸಲು ಬರುವಂಥದ್ದೇ ಇರಲಿ. ಆ ಎರಡು ದಿನ ಹೊಂದಿಸಲು ಕೆಲವರು ಬೇಸ್ ಕ್ಯಾಂಪ್ ದಾರಿಯ ಊರುಗಳಾದ ನಾಮ್ಚೆ, ದಿಂಗ್‌ಬೋಚೆಯ ವಿಶ್ರಾಂತಿ ದಿನಗಳನ್ನೇ ಕತ್ತರಿಸುತ್ತಾರೆ. ನನಗೆ ನಿಜವಾಗಿ ಭಯವಾಗುವುದು ಇದಕ್ಕೇ. ಆ ದಿನಗಳು ಇರುವುದು ದೇಹ ಎತ್ತರಕ್ಕೆ ಒಗ್ಗಿಕೊಳ್ಳಲಿ ಎಂದು. ಅವಸರದಲ್ಲಿ ಏರಿದರೆ ಶ್ವಾಸಕೋಶದಲ್ಲಿ, ಮೆದುಳಿನಲ್ಲಿ ನೀರು ತುಂಬಿ ಪ್ರಾಣವೇ ಹೋಗಬಹುದು. ರಜೆ ಅಷ್ಟು ಸಿಗದಿದ್ದರೆ ಬೇಸ್ ಕ್ಯಾಂಪ್ ಬಿಡಿ, ನಾಮ್ಚೆ, ತೆಂಗ್‌ಬೋಚೆವರೆಗೆ ಹೋಗಿ ಬನ್ನಿ. ತೆಂಗ್‌ಬೋಚೆ ಮಠದ ಬಳಿಯಿಂದಲೂ ಎವರೆಸ್ಟ್ ಕಾಣುತ್ತದೆ.